ಓಟಿ ಬರೆಸಿದ್ಯೇನೇ?

ರಾತ್ರಿ ಹನ್ನೊಂದಕ್ಕೋ ಹನ್ನೊಂದೂವರೆಗೋ ಮನೆಗೆ ಬಂದ್ರೆ ಅಮ್ಮ ಬಾಗಿಲು ತೆಗೀತಾ ಮೊದಲು ಕೇಳೋದು "ಓಟಿ ಬರೆಸಿದ್ಯೇನೇ?" ಅಂತ. ಊಟದ ಮಾತು ಆಮೇಲೆ. ಅಮ್ಮ ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸಲ್ಲಿ 19 ವರ್ಷ ದುಡಿದೋಳು, ಕಾಲರ್ ಹಾಕೋ ಮಷೀನು ಅವಳದ್ದು. ಟೈಮ್ ಮುಗಿದ ಮೇಲೆ ಮಷೀನ್ ಮುಂದೆ ಕೂತ್ರೆ ಅದು ಓಟಿ, ಓಟಿ ಅಂದ್ರೆ ಡಬಲ್ ಕೂಲಿ, ಅದನ್ನ ಬರೆಸ್ಬೇಕು, ಬರೆಸದಿದ್ರೆ ನಮ್ಮ ದುಡಿಮೆ ಮಣ್ಣುಪಾಲು, ಇಷ್ಟೇ ಅವಳ ಲೆಕ್ಕ. ನಾನು ಆರು ವರ್ಷ ಒಂದೇ ಉತ್ತರ ಕೊಟ್ಕೊಂಡು ಬಂದೆ, "ನಮ್ಮ ಆಫೀಸಲ್ಲಿ ಹಂಗೆಲ್ಲಾ ಇರಲ್ಲಮ್ಮ."

"ಇರಲ್ಲ ಅಂದ್ರೆ ಏನೇ? ದುಡ್ಡಿಲ್ದೆ ಕೂರ್ತೀರಾ ಅಷ್ಟು ಜನ?"

ಹೌದು, ಕೂರ್ತೀವಿ. ಬೆಳ್ಳಂದೂರಿಂದ ಮಾರತಹಳ್ಳಿವರೆಗೆ ರಾತ್ರಿ ಒಂಬತ್ತೂವರೆಗೆ ರಿಂಗ್ ರೋಡಲ್ಲಿ ಹೋಗ್ತಾ ತಲೆ ಎತ್ತಿ ನೋಡಿ, ಎಷ್ಟು ಫ್ಲೋರಲ್ಲಿ ಲೈಟ್ ಉರೀತಿರತ್ತೆ ಅಂತ. ನೈಟ್ ಶಿಫ್ಟ್‌ನೋರನ್ನ ಬಿಟ್ರೂ ಅಲ್ಲಿ ಬೆಳಗ್ಗೆನೇ ಬಂದು ಇನ್ನೂ ಮನೆಗೆ ಹೋಗದೇ ಇರೋರು ಸಾಕಷ್ಟು ಜನ ಇರ್ತಾರೆ, ನಾನೂ ಅವರಲ್ಲಿ ಒಬ್ಬಳು.

ನಾನು ಒಂದು ಐಟಿ ಕಂಪನಿಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಟೀಮಲ್ಲಿದೀನಿ. ಟೈಮಿಂಗ್ಸ್ ಒಂಬತ್ತೂವರೆಯಿಂದ ಆರೂವರೆ. ನಮ್ಮ ಮ್ಯಾನೇಜರ್ ಆರೂ ಇಪ್ಪತ್ತಕ್ಕೆ ಕರೆಕ್ಟಾಗಿ ಕಾಫಿ ಕಪ್ ಹಿಡ್ಕೊಂಡು ಡೆಸ್ಕ್ ಹತ್ರ ಬರ್ತಾರೆ, "ಇವತ್ತೊಂದಿನ ಕೂತ್ಬಿಡಿ, ಬಿಲ್ಡ್ ಈಗಷ್ಟೇ ಬಂತು, ಬೆಳಗ್ಗೆ ಕ್ಲೈಂಟ್‌ಗೆ ತೋರಿಸ್ಬೇಕು." ಬಿಲ್ಡ್ ಅಂದ್ರೆ ನಾವು ಟೆಸ್ಟ್ ಮಾಡ್ಬೇಕಾದ ಸಾಫ್ಟ್‌ವೇರಿನ ಹೊಸ ಆವೃತ್ತಿ. ಇವತ್ತೊಂದಿನ ಅಂತ ಹೇಳಿ ಹೇಳಿ ಈ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ದಿನಾ ಅದೇ ಆಯ್ತು. ಅವ್ರು ಬೈಯೋರಲ್ಲ, ಕಿರುಚೋರಲ್ಲ, ಮೆತ್ತಗೆ ಮಾತಾಡ್ತಾರೆ, ಅವರ ಮೇಲೂ ಒಬ್ರು ಕೂತು ಒತ್ತಡ ಹಾಕ್ತಿರ್ತಾರೆ, ಅದೆಲ್ಲಾ ನಂಗೂ ಗೊತ್ತು. ಆದ್ರೆ ಮೇಲಿನ ಒತ್ತಡನ ಹಾಗ್‌ಹಾಗೇ ಕೆಳಗೆ ದಾಟಿಸೋದನ್ನ ನಾನು ಮ್ಯಾನೇಜ್‌ಮೆಂಟ್ ಅಂತ ಒಪ್ಪಲ್ಲ. ಐದು ಜನ ಮಾಡೋ ಕೆಲಸಕ್ಕೆ ಮೂರು ಜನ ಇದ್ರೆ, ಇನ್ನಿಬ್ಬರು ಬೇಕು ಅಂತ ಮೇಲೆ ಕೇಳೋದು ಅವರ ಕೆಲಸ. ಅದನ್ನ ಕೇಳೋಕೆ ಅವ್ರಿಗೆ ಆಗಲ್ಲ, ಅದಕ್ಕೆ ನಮ್ಮ ಸಂಜೆಗಳನ್ನ ಕೇಳ್ತಾರೆ.

ಟೈಮ್‌ಶೀಟ್ ವಿಷಯ ಹೇಳ್ಲೇಬೇಕು. ನಮ್ಮಲ್ಲಿ ಶುಕ್ರವಾರ ಟೈಮ್‌ಶೀಟ್ ತುಂಬ್ಬೇಕು. ಒಂದು ದಿನಕ್ಕೆ 8 ಅಂತ ಹಾಕಿದ್ರೆ ಸುಮ್ನೆ ತಗೊಳತ್ತೆ. 11 ಅಂತ ಹಾಕಿ ನೋಡಿ, ಆ ಡಬ್ಬಿ ಸುತ್ತ ಕೆಂಪು ಗೆರೆ ಬಂದು ಸೇವ್ ಆಗೋದೇ ಇಲ್ಲ. ಸೇರಿದ ಹೊಸದ್ರಲ್ಲಿ ಕೇಳಿದ್ದೆ, "ಎಲ್ಲಾರೂ 8 ಹಾಕ್ತಾರೆ, ನೀವೂ ಹಾಕಿ" ಅಂದ್ರು. ಅಂದ್ರೆ ಕಂಪನಿ ದಾಖಲೆ ಪ್ರಕಾರ ಆರು ವರ್ಷದಲ್ಲಿ ನಾನು ಒಂದೇ ಒಂದು ಗಂಟೆನೂ ಜಾಸ್ತಿ ಕೆಲಸ ಮಾಡಿಲ್ಲ! ಆ ಕೆಂಪು ಗೆರೆ ನೋಡ್ದಾಗೆಲ್ಲಾ ಹೊಟ್ಟೆ ಉರಿಯತ್ತೆ.

ಫೆಬ್ರವರಿಯಲ್ಲಿ ಒಂದಿನ ಅಮ್ಮನ ಹಳೇ ಟ್ರಂಕಲ್ಲಿ ಏನೋ ಹುಡುಕ್ತಿದ್ದಾಗ ಹಳೇ ಗೋಡೆ ಕ್ಯಾಲೆಂಡರ್‌ಗಳ ಕಟ್ಟು ಸಿಕ್ತು. ಒಂದೊಂದು ತಾರೀಖಿನ ಚೌಕದಲ್ಲೂ ಪೆನ್ಸಿಲಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಅದರ ಪಕ್ಕ ಚಿಕ್ಕದಾಗಿ "ಓ 2", "ಓ 1½". ಏನಮ್ಮ ಇದು ಅಂದ್ರೆ ಓಟಿ ಅಂದ್ಲು. ಸೂಪರ್‌ವೈಸರ್ ಒಂದೊಂದ್ಸಲ ಕಾರ್ಡ್ ಪಂಚ್ ಮಾಡ್ಸಿಬಿಟ್ಟು ಆಮೇಲೆ ಮತ್ತೆ ಲೈನಿಗೆ ಕೂರಿಸ್ತಿದ್ನಂತೆ, ಸಂಬಳದ ದಿನ ಕಡಿಮೆ ಬಂದ್ರೆ ಜಗಳ ಆಡೋಕೆ ಕೈಯಲ್ಲಿ ಲೆಕ್ಕ ಬೇಕಲ್ಲ, ಅದಕ್ಕೆ ಬರ್ಕೊಂಡಿದ್ದು. ಏಳನೇ ಕ್ಲಾಸ್ ಓದಿದೋಳು ನಮ್ಮಮ್ಮ. ಇಂಜಿನಿಯರಿಂಗ್ ಮಾಡಿರೋ ನಂಗೆ ಇದು ಆರು ವರ್ಷ ಹೊಳೆದಿರ್ಲಿಲ್ಲ.

2016ರ ಏಪ್ರಿಲಲ್ಲಿ ಪಿಎಫ್ ರೂಲ್ಸ್ ಬದಲಾಯ್ಸಿದ್ದಕ್ಕೆ ಸಾವಿರಾರು ಗಾರ್ಮೆಂಟ್ಸ್ ಹೆಣ್ಮಕ್ಕಳು ಹೊಸೂರು ರೋಡಿಗೆ ಇಳಿದ್ರಲ್ಲಾ, ಅಮ್ಮನೂ ಅದ್ರಲ್ಲಿ ಇದ್ಲು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆ ರೂಲ್ಸ್ ವಾಪಸ್ ತಗೊಳ್ತು. ಆವಾಗ ಟ್ರಾಫಿಕ್ ಜಾಮಲ್ಲಿ ಸಿಕ್ಕಾಕೊಂಡು ಬೈಕೊಂಡಿದ್ದ ಐಟಿಯೋರು ಎಷ್ಟು ಜನ! ನಾವು ಅವರಿಂದ ಕಲಿಯೋದು ಬೇಕಾದಷ್ಟಿದೆ ಅಂತ ನಂಗೆ ಈಗ ಅನ್ಸತ್ತೆ, ನಿಜವಾಗ್ಲೂ.

ಸರಿ, ಅವತ್ತಿಂದ ನಾನೂ ಒಂದು ಪುಟ್ಟ ನೋಟ್‌ಬುಕ್ ಇಟ್ಕೊಂಡೆ. ಜನವರಿದು ಕ್ಯಾಬ್ ಬಿಲ್ಲು, ಚಾಟ್ ಮೆಸೇಜು ನೋಡ್ಕೊಂಡು ತುಂಬಿದೆ, ಆಮೇಲಿಂದು ದಿನಾ ಬರೆದೆ. ಬಂದಿದ್ದು 9.25, ಹೊರಟಿದ್ದು 10.40, ಕೂರೋಕೆ ಹೇಳಿದ್ದು ಯಾರು, ಯಾವ ಕೆಲಸಕ್ಕೆ, ಇಷ್ಟೇ. ಮಾರ್ಚ್ ಕೊನೆಗೆ ಕೂಡಿದ್ರೆ 148 ಗಂಟೆ. ಆಮೇಲೆ ಕಾನೂನು ಓದಿದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು, ಹೆಸರಲ್ಲಿ ಅಂಗಡಿ ಅಂತಿದ್ರೂ ನಮ್ಮ ಐಟಿ ಆಫೀಸುಗಳಿಗೂ ಅದೇ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಓಟಿ ಸೇರಿಸಿದ್ರೂ ದಿನಕ್ಕೆ 10 ದಾಟೋ ಹಾಗಿಲ್ಲ, ಮೂರು ತಿಂಗಳಿಗೆ ಓಟಿ 50 ಗಂಟೆಗಿಂತ ಜಾಸ್ತಿ ಇರ್ಬಾರ್ದು, ಮಾಡಿದ ಓಟಿಗೆ ಡಬಲ್ ದರದಲ್ಲಿ ದುಡ್ಡು ಕೊಡ್ಬೇಕು. ಮ್ಯಾನೇಜ್‌ಮೆಂಟ್ ಹುದ್ದೆಲಿ ಇರೋರಿಗೆ ಇದು ಅನ್ವಯಿಸಲ್ಲ. ನಾನು ಯಾರನ್ನೂ ಮ್ಯಾನೇಜ್ ಮಾಡ್ತಿಲ್ಲ. 50 ಎಲ್ಲಿ, 148 ಎಲ್ಲಿ.

2024ರಲ್ಲಿ ಐಟಿಯೋರಿಗೆ ದಿನಕ್ಕೆ 12 ಗಂಟೆ ಮೀರಿ, ಮೂರು ತಿಂಗಳಿಗೆ 125 ಗಂಟೆವರೆಗೂ ಓಟಿ ದುಡಿಸ್ಬಹುದು ಅಂತ ತಿದ್ದುಪಡಿ ತರೋಕೆ ಹೊರಟಿದ್ರು ನೆನಪಿದ್ಯಾ? ಐಟಿ ನೌಕರರ ಯೂನಿಯನ್ ಕೀಟು ಜೋರಾಗಿ ವಿರೋಧ ಮಾಡ್ತು. ನನ್ನ 148 ಗಂಟೆ ಆ ಪ್ರಸ್ತಾಪಕ್ಕಿಂತಲೂ ಮೇಲಿದೆ.

ನಾರಾಯಣ ಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು, 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಚೇರ್ಮನ್ನರ 90 ಗಂಟೆ ಮಾತು ಹೊರಗೆ ಬಂತು. ತಾವು ಕಟ್ಟಿದ ಅಥವಾ ನಡೆಸಿದ ಕಂಪನಿಗೆ ತಾವು ಎಷ್ಟು ಬೇಕಾದ್ರೂ ದುಡೀಲಿ, ಅದು ಅವರಿಷ್ಟ, ಸಂಬಳಕ್ಕೆ ಬಂದ ಹುಡುಗನಿಗೆ ಅದೇ ಅಳತೆ ಹಿಡಿಯೋದು ನ್ಯಾಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಲೆಕ್ಕ ಕೊಟ್ಟಿದ್ದಾವೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯೋರಿಗೆ 35-40 ಗಂಟೆ ದುಡಿಯೋರಿಗಿಂತ ಸ್ಟ್ರೋಕ್ ಅಪಾಯ ಸುಮಾರು 35% ಜಾಸ್ತಿ, ಹೃದ್ರೋಗದಿಂದ ಸಾಯೋ ಅಪಾಯ 17% ಜಾಸ್ತಿ.

ನಂಗೆ ಇದು ಅಂಕಿ ಅಂಶದ ಮಾತಾಗಿ ಉಳಿದಿಲ್ಲ. ನಮ್ಮ ಟೀಮಲ್ಲಿ ಹಾಸನ ಕಡೆಯ ಹುಡುಗ ಒಬ್ಬ ಇದಾನೆ, ಮೊದಲನೇ ಕೆಲಸ, ಪಿಜಿಲಿ ಇರ್ತಾನೆ. ಪಿಜಿಲಿ ರಾತ್ರಿ ಊಟ ಒಂಬತ್ತೂವರೆಗೆ ಕ್ಲೋಸ್. ಮ್ಯಾನೇಜರ್ ಎದ್ದು ಹೋಗೋವರೆಗೂ ಏಳೋಕೆ ಹೆದರ್ಕೊಂಡು ಕೂತು ಕೂತು ವಾರದಲ್ಲಿ ನಾಲ್ಕು ದಿನ ಬಿಸ್ಕೆಟ್ ಪೊಟ್ಟಣ, ಪ್ಯಾಂಟ್ರಿ ಮಷೀನಿನ ಟೀ. ಮಾರ್ಚಲ್ಲಿ ಒಂದಿನ ಲಿಫ್ಟ್ ಹತ್ರ ಗೋಡೆ ಹಿಡ್ಕೊಂಡು ಹಾಗೇ ಕೂತ್ಬಿಟ್ಟ, ಮುಖ ಎಲ್ಲಾ ಬೆವರು. ನೀರು ಕುಡಿಸಿದ್ರೆ "ಅಕ್ಕಾ ಯಾರ್ಗೂ ಹೇಳ್ಬೇಡಿ, ಅಪ್ರೈಸಲ್ ಇದೆ" ಅಂದ. ಇಪ್ಪತ್ಮೂರು ವರ್ಷದ ಹುಡುಗ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಮಾರನೇ ವಾರನೇ ನಾನು ಒಂದು ಕೆಲಸ ಶುರು ಮಾಡಿದೆ. ಆರೂ ಇಪ್ಪತ್ತಕ್ಕೆ ಬಂದು "ಕೂತ್ಬಿಡಿ" ಅಂದಾಗ ಆಗಲ್ಲ ಅನ್ನಲಿಲ್ಲ, ಅಲ್ಲೇ ಒಂದು ಮೇಲ್ ಹಾಕಿದೆ: ನೀವೀಗ ಹೇಳಿದ ಹಾಗೆ ಇವತ್ತು 6.30 ಆದ ಮೇಲೂ ಈ ಕೆಲಸ ಮಾಡ್ಬೇಕಿದೆ, ನಾಳೆ ಬೆಳಗ್ಗೆ ಕೊಡ್ಬೇಕಾಗಿರೋ ಇನ್ನೊಂದು ಇದೆ, ಎರಡರಲ್ಲಿ ಯಾವುದು ಮೊದ್ಲು ಅಂತ ತಿಳಿಸಿ, ಈ ತಿಂಗಳು ಹೆಚ್ಚುವರಿ ಗಂಟೆ ಇವತ್ತಿಗೆ ಇಷ್ಟಾಗಿದೆ. ಜಗಳ ಇಲ್ಲ, ಕೊಂಕು ಮಾತಿಲ್ಲ. ಮೂರನೇ ಮೇಲ್‌ಗೆ ಮೀಟಿಂಗ್ ರೂಮಿಗೆ ಕರೆದು ಕೂರಿಸಿ "ಇದೆಲ್ಲಾ ಮೇಲ್‌ನಲ್ಲಿ ಯಾಕೆ, ಬಾಯಲ್ಲಿ ಹೇಳ್ಬಹುದಿತ್ತಲ್ವಾ" ಅಂದ್ರು. ಆವಾಗ ನಂಗೆ ಪೂರ್ತಿ ಅರ್ಥ ಆಯ್ತು. ಬಾಯಲ್ಲಿ ಇರೋವರೆಗೂ ಅದು ರಿಕ್ವೆಸ್ಟು, ಹೆಲ್ಪು, ಟೀಮ್ ಸ್ಪಿರಿಟ್ಟು. ಬರೆದಿಟ್ರೆ ಅದು ಓಟಿ. "ನೀವೂ ಬಾಯಲ್ಲೇ ಹೇಳ್ತಿದೀರಲ್ಲಾ ಸರ್, ಅದಕ್ಕೇ ನಾನು ಬರೀತಿದೀನಿ" ಅಂದೆ. ಕೈ ನಡುಗ್ತಿತ್ತು ನಂದು, ಆದ್ರೂ ಅಂದೆ.

ಆಮೇಲೆ ಎಚ್‌ಆರ್ ಹತ್ರ ಒಬ್ಬಳೇ ಹೋಗ್ಲಿಲ್ಲ, ಮೂರು ಜನ ಹೋದ್ವಿ. ಒಬ್ಬರೇ ಹೋದ್ರೆ ಅದು ನಿಮ್ಮ ಪರ್ಸನಲ್ ಪ್ರಾಬ್ಲಂ ಆಗೋಗತ್ತೆ, ನಿಮ್ಗೆ ಟೈಮ್ ಮ್ಯಾನೇಜ್‌ಮೆಂಟ್ ಬರಲ್ಲ ಅಂತಾರೆ, ಮೂರು ನೋಟ್‌ಬುಕ್ ಟೇಬಲ್ ಮೇಲೆ ಇಟ್ರೆ ಹಂಗನ್ನೋಕೆ ಆಗಲ್ಲ. ಈಗ ಬಿಲ್ಡ್ ನಾಲ್ಕು ಗಂಟೆ ಒಳಗೆ ಬರ್ಬೇಕು ಅಂತ ಆಗಿದೆ, ಟೀಮಿಗೆ ಹೊಸಬ್ರು ಒಬ್ರು ಬಂದಿದಾರೆ, ವಾರದಲ್ಲಿ ಎರಡು ದಿನ ಲೇಟಾಗತ್ತೆ ಅಷ್ಟೇ. ಆ ಹುಡುಗ ಎಂಟು ಗಂಟೆಗೆಲ್ಲಾ ಪಿಜಿಲಿ ಇರ್ತಾನೆ. ನಂಗೆ ಅಪ್ರೈಸಲಲ್ಲಿ ರೇಟಿಂಗ್ ಒಂದು ಮೆಟ್ಟಿಲು ಇಳಿಸಿದಾರೆ, ಅದನ್ನೂ ಹೇಳ್ಬೇಕು, ಮುಚ್ಚಿಡಲ್ಲ. ಮನೇಲಿ ಸಾಲ ಇರೋರು, ಒಬ್ಬರ ಸಂಬಳದಲ್ಲೇ ಸಂಸಾರ ನಡೆಸೋರು ಇಷ್ಟು ಮಾಡೋಕೂ ಹಿಂದೆ ಮುಂದೆ ನೋಡ್ತಾರೆ ಅಂತ ನಂಗೆ ಗೊತ್ತು, ಅವರನ್ನ ಹೇಡಿ ಅಂತ ನಾನಂತೂ ಅನ್ನಲ್ಲ. ಅವ್ರು ಬರೆದಾದ್ರೂ ಇಟ್ಕೊಳ್ಳಿ, ಕಂಪನಿ ಲ್ಯಾಪ್‌ಟಾಪಲ್ಲಿ ಬೇಡ, ಕೆಲಸ ಬಿಡೋ ದಿನ ಅದು ಕಂಪನಿ ಹತ್ರನೇ ಉಳಿದೋಗತ್ತೆ, ಕೈಯಲ್ಲಿ ಪುಸ್ತಕದಲ್ಲಿ ಬರೀರಿ.

148 ಗಂಟೆ ದುಡ್ಡು ಮಾತ್ರ ಇನ್ನೂ ಬಂದಿಲ್ಲ. ಎಚ್‌ಆರ್ ದುಡ್ಡಿನ ಬದಲು ಕಾಂಪ್ ಆಫ್, ಅಂದ್ರೆ ರಜೆ, ತಗೊಳ್ಳಿ ಅಂತಿದಾರೆ, ನಾವು ಮೂರು ಜನ ಒಪ್ಪಿಲ್ಲ. ಮುಂದಿನ ವಾರ ಬನ್ನೇರುಘಟ್ಟ ರೋಡಲ್ಲಿ ಕಾರ್ಮಿಕ ಇಲಾಖೆ ಕಚೇರಿ ಇರೋ ಕಾರ್ಮಿಕ ಭವನಕ್ಕೆ ಹೋಗೋಣ ಅಂತಿದೀವಿ. ಅಮ್ಮನೂ ಬರ್ತೀನಿ ಅಂದಿದಾಳೆ. ಬೆಂಗಳೂರಲ್ಲಿ ಐಟಿ ಕಂಪನಿಲಿ ಇದ್ಕೊಂಡು ಡಬಲ್ ಓಟಿ ಕೇಳಿ ವಸೂಲಿ ಮಾಡಿದೋರು ಯಾರಾದ್ರೂ ಇಲ್ಲಿದ್ರೆ, ಅರ್ಜಿ ಯಾರ ಹೆಸರಿಗೆ ಬರೆದ್ರಿ, ಜೊತೆಗೆ ಏನೇನು ಇಟ್ರಿ ಅಂತ ದಯವಿಟ್ಟು ಹೇಳಿ, ಇಲ್ಲಿ ಹಾಕೋಕೆ ಇಷ್ಟ ಇಲ್ದಿದ್ರೆ ಇನ್‌ಬಾಕ್ಸಲ್ಲಾದ್ರೂ ತಿಳಿಸಿ.