ಮಾಧುರಿ ದೀಕ್ಷಿತ್: ಕುಣಿತ ನಟನೆಯನ್ನು ನುಂಗಿತೇ?

ಪರ

ನುಂಗಿತು. 1984ರಲ್ಲಿ ‘ಅಬೋಧ್’ ಬಂದಾಗ ಮಾಧುರಿಯನ್ನು ಹೆಚ್ಚು ಜನ ಗಮನಿಸಲಿಲ್ಲ. 1988ರ ‘ತೇಜಾಬ್’ನಲ್ಲಿ ‘ಏಕ್ ದೋ ತೀನ್’ಗೆ ಕುಣಿದದ್ದೇ ತಡ, ದೇಶವೇ ಹುಚ್ಚೆದ್ದಿತು. ಆಮೇಲೆ ನಿರ್ಮಾಪಕರ ಲೆಕ್ಕ ಸಲೀಸಾಯಿತು: ಮಾಧುರಿ ಇದ್ದ ಮೇಲೆ ನೃತ್ಯ ನಿರ್ದೇಶಕಿ ಸರೋಜ್ ಖಾನ್ ಸಂಯೋಜನೆಯ ಒಂದು ಹಾಡು ಇರಲೇಬೇಕು.

1992ರ ‘ಬೇಟಾ’ ನೋಡಿ. ಅತ್ತೆಯ ಕುತಂತ್ರವನ್ನು ಮನೆಯೊಳಗೇ ನಿಂತು ಬಯಲಿಗೆಳೆಯುವ ಸೊಸೆ ಸರಸ್ವತಿಯೇ ಆ ಕಥೆಯ ಬೆನ್ನೆಲುಬು. ಅನಿಲ್ ಕಪೂರ್ ಪಾತ್ರಕ್ಕಿಂತ ಆಕೆಯದಕ್ಕೇ ಕಸುವು ಹೆಚ್ಚು. ಫಿಲ್ಮ್‌ಫೇರ್ ಪ್ರಶಸ್ತಿಯೂ ಸಿಕ್ಕಿತು. ಇವತ್ತು ‘ಬೇಟಾ’ ಅಂದರೆ ಜನಕ್ಕೆ ನೆನಪಾಗುವುದು ಸರಸ್ವತಿಯಲ್ಲ, ‘ಧಕ್ ಧಕ್’. 1993ರ ‘ಖಲ್‌ನಾಯಕ್’ನದೂ ಅದೇ ಪಾಡು. ‘ಚೋಲಿ ಕೆ ಪೀಛೆ’ಗೆ ಕುಣಿಯುವ ಗಂಗಾ, ಪಾತಕಿಯನ್ನು ಹಿಡಿಯಲು ವೇಷ ಮರೆಸಿಕೊಂಡ ಪೊಲೀಸ್ ಅಧಿಕಾರಿ. ಸಿಕ್ಕಿಬಿದ್ದರೆ ಜೀವ ಹೋಗುತ್ತದೆಂಬ ದಿಗಿಲು ಆ ಹಾಡಿನಲ್ಲಿ ಎಲ್ಲಿದೆ?

ಹಾಡು ಚಿತ್ರೀಕರಿಸುವ ಕ್ರಮವೂ ಇದಕ್ಕೆ ಕಾರಣ. ಮೊದಲೇ ಧ್ವನಿಮುದ್ರಿಸಿದ ಹಾಡನ್ನು ಸೆಟ್ಟಿನಲ್ಲಿ ಜೋರಾಗಿ ಹಾಕಿ, ಸಾಲು ಸಾಲಾಗಿ ತುಂಡರಿಸಿ ಶಾಟ್ ತೆಗೆಯುತ್ತಾರೆ. ಮಾಧುರಿ ಕಲಿತ ಕಥಕ್ ನೃತ್ಯದಲ್ಲಿ ತಿಹಾಯಿ ಎಂದರೆ ಒಂದೇ ಬೋಲ್, ಅಂದರೆ ಹೆಜ್ಜೆಯ ಸೊಲ್ಲು, ಮೂರು ಸಲ ಬಂದು ‘ಸಮ್’ ಎನ್ನುವ ತಾಳದ ಮೊದಲ ಮಾತ್ರೆಗೆ ಸರಿಯಾಗಿ ನಿಲ್ಲುವುದು. ಅದನ್ನು ಅಡಿಯಿಂದ ಮುಡಿಯವರೆಗೆ ಒಂದೇ ಓಟದಲ್ಲಿ ನೋಡಬೇಕು. ನಡುವೆ ಕತ್ತರಿ ಬಿದ್ದರೆ ಒಮ್ಮೆ ಸೊಂಟ, ಒಮ್ಮೆ ನಗು ಕಾಣುತ್ತದೆ. ಪಾತ್ರವೂ ಇಲ್ಲ, ನೃತ್ಯವೂ ಇಲ್ಲ.

1991ರ ‘ಪ್ರಹಾರ್’ನಲ್ಲಿ ಮೇಕಪ್ ಇಲ್ಲದೆ, 1997ರ ‘ಮೃತ್ಯುದಂಡ್’ನಲ್ಲಿ ಬಿಹಾರದ ಹಳ್ಳಿಯ ಹೆಣ್ಣಾಗಿ ಆಕೆ ಏನು ಮಾಡಬಲ್ಲರೆಂದು ಕಂಡಿದ್ದೆವು. ಅಂಥವು ಬೆರಳೆಣಿಕೆಯಷ್ಟೇ. ಇಷ್ಟು ದೊಡ್ಡ ನಟಿಗೆ ಒಂದೇ ಒಂದು ರಾಷ್ಟ್ರಪ್ರಶಸ್ತಿ ಇಲ್ಲ. ಅಮೆರಿಕದಿಂದ ಬಂದು ನಟಿಸಿದ 2007ರ ‘ಆಜಾ ನಚ್‌ಲೇ’ಯಲ್ಲೂ ಸಿಕ್ಕಿದ್ದು ನೃತ್ಯಗಾತಿಯ ಪಾತ್ರವೇ. ಇದು ನಮ್ಮೆಲ್ಲರ ನಷ್ಟ.

ವಿರೋಧ

ನಟನೆ ಒಂದು ಕಡೆ, ಕುಣಿತ ಇನ್ನೊಂದು ಕಡೆ ಎಂದು ತಕ್ಕಡಿಗೆ ಹಾಕಿದ್ದೇ ತಪ್ಪು. ಎಳೆಯ ವಯಸ್ಸಿನಲ್ಲೇ ಕಥಕ್ ಕಲಿಯತೊಡಗಿದ ಮಾಧುರಿಗೆ ಅಭಿನಯ ನೃತ್ಯದ ಜೊತೆಗೇ ಬಂದದ್ದು. ಒಳ್ಳೆಯ ಪಾತ್ರ ಬರೆಯದೇ ಹೋದದ್ದು ಬರಹಗಾರರ ಸೋಮಾರಿತನ. ಅದರ ಹೊಣೆಯನ್ನು ಕಾಲ್ಗೆಜ್ಜೆಯ ಮೇಲೆ ಹೊರಿಸಬಾರದು.

ಕಥಕ್‌ನಲ್ಲಿ ಮೈ ನೆಟ್ಟಗಿರಬೇಕು, ಸೊಂಟ ಸಡಿಲವಾಗಬಾರದು. ಸರೋಜ್ ಖಾನ್ ಹೆಜ್ಜೆಗಳಿಗೆ ಸೊಂಟವೇ ಮುಖ್ಯ. ಒಂದನ್ನು ಮೈಗೂಡಿಸಿಕೊಂಡವರು ಇನ್ನೊಂದಕ್ಕೆ ಹೋದಾಗ ಸಾಮಾನ್ಯವಾಗಿ ಎಡವುವುದು ಮುಖದಲ್ಲಿ: ಮನಸ್ಸು ತಾಳದ ಮಾತ್ರೆ ಎಣಿಸುತ್ತಿರುತ್ತದೆ, ತಿರುವಿಗೆ ಮುಂಚೆ ಕಣ್ಣು ಖಾಲಿಯಾಗುತ್ತದೆ. ಮಾಧುರಿಯ ಕಣ್ಣು ಖಾಲಿಯಾಗುವುದಿಲ್ಲ. 2000ದ ‘ಪುಕಾರ್’ನಲ್ಲಿ ನಮ್ಮ ಮೈಸೂರಿನಲ್ಲೇ ಹುಟ್ಟಿದ ಪ್ರಭುದೇವ ಎದುರಿಗೆ ಕುಣಿಯುವಾಗಲೂ ನೋಟ ಆಕೆಯ ಮುಖದ ಕಡೆಗೇ ಹೋಗುತ್ತದೆ.

ನೃತ್ಯ ಸಂಯೋಜನೆಗೆ ಫಿಲ್ಮ್‌ಫೇರ್ ಪ್ರಶಸ್ತಿ ಶುರುವಾದದ್ದೇ ‘ಏಕ್ ದೋ ತೀನ್’ ನಂತರ, ಮೊದಲು ಪಡೆದವರು ಸರೋಜ್ ಖಾನ್. ಒಂದು ಕಲೆಗೇ ಮರ್ಯಾದೆ ತಂದ ವೃತ್ತಿಜೀವನವಿದು.

ಇನ್ನು 2002ರ ‘ದೇವದಾಸ್’. ಅದರಲ್ಲಿ ಮಾಧುರಿ ನರ್ತಕಿ ಚಂದ್ರಮುಖಿ. ‘ಕಾಹೇ ಛೇಡ್’ ಹಾಡಿನ ನೃತ್ಯ ಸಂಯೋಜಿಸಿದ್ದು ಕಥಕ್ ಗುರು ಪಂಡಿತ್ ಬಿರ್ಜು ಮಹಾರಾಜ್. ನಡುವೆ ಹಾಡದೆ ಮಾತಿನಲ್ಲಿ ಬರುವ ಸಾಲುಗಳನ್ನು ಮಾಧುರಿಯೇ ತಮ್ಮ ದನಿಯಲ್ಲಿ ಹೇಳಿದ್ದಾರೆ. ಮೊಸರಿನ ಗಡಿಗೆ ಹೊತ್ತು ಹೋಗುತ್ತಿರುವ ರಾಧೆಗೆ ದಾರಿಯಲ್ಲಿ ಹೆಜ್ಜೆಯ ಸಪ್ಪಳ ಕೇಳುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಶ್ಯಾಮ ಓಡಿಬಂದು ಅಡ್ಡಗಟ್ಟುತ್ತಾನೆ. ಅಲ್ಲಿ ಶ್ಯಾಮನೂ ಇಲ್ಲ, ಗಡಿಗೆಯೂ ಇಲ್ಲ. ಕಥೆಯನ್ನು ಅಭಿನಯಿಸಿ ತೋರಿಸುವ ಕಥಕ್‌ನ ಗತ್‌ಭಾವ್‌ನಲ್ಲಿ ನರ್ತಕಿ ಒಬ್ಬಳೇ ಎಲ್ಲ ಪಾತ್ರವೂ ಆಗಬೇಕು; ಒಂದು ‘ಪಲ್ಟಾ’ ಸುತ್ತಿದರೆ ರಾಧೆ ಹೋಗಿ ಕೃಷ್ಣ ಬಂದಿರಬೇಕು. ಮುಖ ತಡವಾಗಿ ಬದಲಾದರೆ ನೋಡುವವರಿಗೆ ಯಾರು ಯಾರೆಂದೇ ತಿಳಿಯದು. ತಲೆಯ ಮೇಲಿನ ಸೆರಗು ಜಾರಿತೆಂಬ ಮಾತಿನ ಹೊತ್ತಿಗೆ ಮಾಧುರಿಯ ಮುಖದಲ್ಲಿ ರಾಧೆಯ ನಾಚಿಕೆಯಿದೆ. ಅದರ ಅಡಿಯಲ್ಲೇ, ದೇವದಾಸ ತನ್ನತ್ತ ನೋಡಲಿ ಎಂದು ಕಾಯುವ ಚಂದ್ರಮುಖಿಯೂ ಇದ್ದಾಳೆ.