ಮಂಗಳೂರಲ್ಲಿ ಅರಳಿದ್ದು ಚೆರ್ರಿ ಹೂವಲ್ಲ

ಚಳಿಗಾಲ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಓಡಾಡುತ್ತದೆ. ಮರದ ತುಂಬ ಗುಲಾಬಿ ಹೂ, ಕೆಳಗೆ ‘ಮಂಗಳೂರಲ್ಲೂ ಜಪಾನಿನ ಚೆರ್ರಿ ಅರಳಿದೆ’ ಎಂಬ ಸಾಲು. ಅಷ್ಟು ಚಂದದ ಮರ ಕಂಡರೆ ನಾಲ್ಕು ಜನಕ್ಕೆ ಕಳಿಸೋಣ ಅನಿಸುವುದು ಸಹಜ ಅಲ್ವಾ? ಆದರೆ ಅದು ಚೆರ್ರಿ ಅಲ್ಲ.

ಚೆರ್ರಿ ಚೆನ್ನಾಗಿ ಹೂ ಬಿಡಲು ವಾರಗಟ್ಟಲೆ ಒಳ್ಳೆ ಚಳಿ ಬೇಕು. ನಮ್ಮ ಕರಾವಳಿಯಲ್ಲಿ ಜನವರಿ ಮಧ್ಯಾಹ್ನವೂ 30 ಡಿಗ್ರಿ ದಾಟುತ್ತದೆ. ನಮ್ಮ ದೇಶದಲ್ಲೇ ಚಳಿಗೆ ಅರಳುವ ಚೆರ್ರಿ ನೋಡಬೇಕೆಂದರೆ ನವೆಂಬರಿನಲ್ಲಿ ಶಿಲ್ಲಾಂಗ್‌ಗೆ ಹೋಗಬೇಕು.

ಇಲ್ಲಿ ಕಾಣುವುದು ಹೆಚ್ಚಾಗಿ ರಸ್ತೆ ಬದಿಯ ತಬೆಬುಯಾ, ಇಲ್ಲವೇ ತೋಟದ ಬೇಲಿಯ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಎರಡೂ ಅಮೆರಿಕ ಖಂಡದ ಕಡೆಯಿಂದ ಬಂದವು.

ಉದುರಿದ ಒಂದು ಹೂ ಎತ್ತಿ ನೋಡಿ. ತಬೆಬುಯಾದ್ದು ಉದ್ದ ಕೊಳವೆ, ಗಂಟಲೊಳಗೆ ಹಳದಿ. ಗ್ಲಿರಿಸಿಡಿಯಾದ್ದು ಅವರೆ ಹೂವಿನ ಆಕಾರ. ಚೆರ್ರಿಯ ಎಸಳುಗಳು ಬಿಡಿಬಿಡಿ, ನಡುವೆ ತುಂಬಾ ಕೇಸರ.

ಕೈಯಲ್ಲಿ ಬರೀ ಫೋಟೊ ಇದ್ದರೆ ಗೂಗಲ್ ಲೆನ್ಸ್‌ಗೆ ಹಾಕಿ. ಬೇರೆ ಊರಿನ ಹಳೇ ಚಿತ್ರವಾದರೆ ಎಷ್ಟೋ ಸಲ ಮೂಲ ಸಿಕ್ಕಿಬಿಡುತ್ತದೆ. ನೀವೇ ಫೋಟೊ ತೆಗೆಯುವುದಾದರೆ ಇಡೀ ಮರದ ಜೊತೆ ಹೂ, ಎಲೆ, ತೊಗಟೆಯನ್ನೂ ಹತ್ತಿರದಿಂದ ತೆಗೆಯಿರಿ. ದೂರದ ಚಿತ್ರದಲ್ಲಿ ಬಣ್ಣ ಬಿಟ್ಟರೆ ಜಾಸ್ತಿ ಏನೂ ಗೊತ್ತಾಗುವುದಿಲ್ಲ.