ಏಳು ಸುತ್ತಿನ ಕೋಟೆ ಮತ್ತು ಹೂವಾಡಗಿತ್ತಿ

ಅಜ್ಜಿಯರು ಹೇಳುವ ಕಥೆಗಳಲ್ಲಿ ಎಲ್ಲಕ್ಕಿಂತ ಭದ್ರವಾದ ರಾಜ್ಯ ರಾಕ್ಷಸನದು. ಏಳು ಸಮುದ್ರದಾಚೆ, ಏಳು ಸುತ್ತಿನ ಕೋಟೆಯೊಳಗೆ, ಪಂಜರದ ಗಿಳಿಯಲ್ಲಿ ಪ್ರಾಣವನ್ನು ಅಡಗಿಸಿಟ್ಟು ನಿಶ್ಚಿಂತೆಯಿಂದ ಗೊರಕೆ ಹೊಡೆಯುವ ಅವನ ಊರನ್ನು ಯಾವ ಅಜ್ಜಿಯೂ ಚೆಲುವಾದ ಊರೆಂದು ವರ್ಣಿಸಿದ್ದನ್ನು ನಾನು ಕೇಳಿಲ್ಲ. ಚೆಲುವೆಲ್ಲ ರಾಜಕುಮಾರಿಯ ಪಟ್ಟಣಕ್ಕೇ ಮೀಸಲು. ಅಲ್ಲಿ ತೋಟವಿದೆ, ಕೊಳವಿದೆ, ಉಪ್ಪರಿಗೆಗೆ ಕಿಟಕಿಯಿದೆ. ಇವೆಲ್ಲ ಇರುವುದರಿಂದಲೇ ಊರ ಹೊರಗೆ ಗುಡಿಸಲು ಹಾಕಿಕೊಂಡ ಹೂವಾಡಗಿತ್ತಿ ಮುದುಕಿಯೂ ಇದ್ದಾಳೆ. ಪರದೇಶದ ರಾಜಕುಮಾರ ಬಂದು ಇಳಿದುಕೊಳ್ಳುವುದು ತಪ್ಪದೆ ಅವಳ ಮನೆಯಲ್ಲಿ. ಭರ್ಚಿ ಹಿಡಿದ ಕಾವಲುಗಾರರು ಅವನನ್ನು ತಡೆದಾರು. ಮಾಲೆಯ ನಡುವೆ ಅವನು ಅಡಗಿಸಿ ಕಳಿಸಿದ ಉಂಗುರವನ್ನು ತಡೆಯಲಾರರು. ಮಲ್ಲಿಗೆಯೇ ಬೇಡವೆನ್ನುವ ಅರಮನೆಗೆ ಈ ಅಪಾಯವಿಲ್ಲ. ಆದರೆ ಅಂಥ ಅರಮನೆಯ ಕಥೆಯನ್ನು ಯಾರು ಕೇಳಿಯಾರು?

ವಿಜಯಪುರದವರಾದ ನಮಗೆ ಇದು ಬರಿಯ ಕಥೆಯಲ್ಲ. ಮೊದಲನೆಯ ಅಲಿ ಆದಿಲ್ ಶಾಹ ಊರಿನ ಸುತ್ತ ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆ ಕಟ್ಟಿಸಿದ್ದ. ಅವನ ನಂತರ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಮನಿಗೆ ಸಂಗೀತದ ಹುಚ್ಚು. ಅವನು 1599ರಲ್ಲಿ, ಆ ಭದ್ರವಾದ ಗೋಡೆಯನ್ನು ಬಿಟ್ಟು, ಪಶ್ಚಿಮದ ತೊರವಿಯ ಬಳಿ ನವರಸಗಳ ಹೆಸರಿನಲ್ಲೇ ನವರಸಪುರವೆಂಬ ಹೊಸ ನಗರವನ್ನು ಕಟ್ಟತೊಡಗಿದ. ಕನಸಿನ ರಾಜ್ಯವೊಂದನ್ನು ಕಲ್ಲು ಗಾರೆಗಳಲ್ಲಿ ಎಬ್ಬಿಸಹೊರಟ ಇಂಥ ದೊರೆಗಳು ಅಪರೂಪ. ಅರಮನೆಗಳು ಎದ್ದವು, ಸುತ್ತುಗೋಡೆ ಮಾತ್ರ ಪೂರ್ತಿಯಾಗಲಿಲ್ಲ. 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರ್ ದಂಡೆತ್ತಿ ಬಂದು ಆ ನಗರವನ್ನು ಹಾಳುಗೆಡವಿದ. ಒಂಬತ್ತು ರಸಗಳಲ್ಲಿ ವೀರವೂ ಒಂದೆಂಬುದು ದೊರೆಗೆ ತಿಳಿಯದ ವಿಷಯವೇನಲ್ಲ. ಪ್ರಾಯಶಃ ಶೃಂಗಾರದ ಸರದಿಯೇ ಮುಗಿದಿರಲಿಲ್ಲ.

ಹಾಗೆಂದು ಗೋಡೆಯ ಪಕ್ಷ ವಹಿಸಲೂ ನನಗೆ ಮನಸ್ಸಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು ನಮ್ಮ ಕೋಟೆಯ ಬುರುಜಿನ ಮೇಲಿದ್ದರೂ, 1686ರಲ್ಲಿ ಊರು ಔರಂಗಜೇಬನ ಕೈಸೇರಿತು. ಕೊಲ್ಲುವುದಕ್ಕೆಂದೇ ಮಾಡಿದ ಆ ತೋಪಿನ ಬಾಯಿಯನ್ನು ಎರಕದವನು ಸುಮ್ಮನೆ ದುಂಡಗೆ ಬಿಡಬಹುದಿತ್ತು. ಬಿಡಲಿಲ್ಲ, ತೆರೆದ ಸಿಂಹದ ಬಾಯಿ ಮಾಡಿ, ಹಲ್ಲುಗಳ ನಡುವೆ ಆನೆಯನ್ನು ಸಿಕ್ಕಿಸಿದ. ಇಂದು ಬುರುಜಿನ ಮೆಟ್ಟಿಲು ಹತ್ತಿ ಬರುವವರು ಫೋಟೋ ತೆಗೆಸಿಕೊಳ್ಳುವುದು ಆ ಬಾಯಿಯ ಪಕ್ಕದಲ್ಲಿ.